ಲಕ್ಷ್ಮೇಶ್ವರದ ಕಂಬ ಕಾನೂನಲ್ಲ ಎನ್ನುವವರಿಗೆ

ಕಾನೂನು ಕಲಿಯುವ ಮಕ್ಕಳಿಗೆ ಇತಿಹಾಸದ ಮೊದಲ ಪಾಠವಾಗಿ ಲಕ್ಷ್ಮೇಶ್ವರದ ಕಂಬದ ಶಾಸನವನ್ನು ಓದಿಸಬೇಕು. ಈ ಮಾತನ್ನು ನಾನು ಕುಪ್ಪೇಲೂರಿನ ಕಟ್ಟೆಯ ಮೇಲೆ ಆಡಿದ್ದೇನೆ, ರಾಣೆಬೆನ್ನೂರಿನಲ್ಲಿ ವಕೀಲಿ ಮಾಡುವ ಮಿತ್ರರ ಮುಂದೆಯೂ ಆಡಿದ್ದೇನೆ. ಎರಡೂ ಕಡೆ ಒಪ್ಪಿದವರು ಕಡಿಮೆ. ವಕೀಲರಿಗೆ ನಮ್ಮ ಹಳೆಯ ಕಾಲದಲ್ಲಿ ಕಾನೂನೇ ಕಾಣುವುದಿಲ್ಲ, ಊರ ಹಿರಿಯರಿಗೆ ಹಳೆಯ ಕಾಲದಲ್ಲಿ ಕೊರತೆಯೇ ಕಾಣುವುದಿಲ್ಲ. ಇಬ್ಬರೂ ನನಗೆ ಬೇಕಾದವರು. ಅವರ ಆಕ್ಷೇಪಗಳು ತೂಕದವೇ ಆದ್ದರಿಂದ ಒಂದೊಂದನ್ನೂ ಎತ್ತಿಕೊಂಡು ಉತ್ತರ ಕೊಡುತ್ತೇನೆ.

ವಕೀಲರ ಮೊದಲ ಮಾತು: "ಕಾನೂನು ಅನ್ನೋದು ಬ್ರಿಟಿಷರು ಬಂದ ಮ್ಯಾಲೆ ಬಂದದ್ದು. ಅದಕ್ಕೂ ಮೊದಲು ಅರಸ ಅಂದದ್ದೇ ಕಾನೂನು, ಗೌಡ ಅಂದದ್ದೇ ತೀರ್ಪು."

ಅವರು ಓದಿದ ಪುಸ್ತಕಗಳು ಬಹುಪಾಲು 1600ರ ಕಂಪನಿ ಸನದಿನಿಂದ ಶುರುವಾಗಿ, 1726ರಲ್ಲಿ ಮದ್ರಾಸು, ಮುಂಬಯಿ, ಕಲ್ಕತ್ತೆಗಳಿಗೆ ಬಂದ ಮೇಯರ್ ಕೋರ್ಟುಗಳಿಗೆ ಹೋಗುತ್ತವೆ. ಅಲ್ಲಿಂದ ಸರಿಯಾಗಿ ಸಾವಿರ ವರ್ಷ ಹಿಂದಕ್ಕೆ ಬನ್ನಿ. ಬಾದಾಮಿಯಲ್ಲಿ ಚಾಲುಕ್ಯ ವಿಜಯಾದಿತ್ಯ ಆಳುತ್ತಿದ್ದಾನೆ. ಅವನ ಮಗ, ಇನ್ನೂ ಯುವರಾಜನಾಗಿದ್ದ ವಿಕ್ರಮಾದಿತ್ಯ, ಸುಮಾರು 725ರ ಹೊತ್ತಿಗೆ ಪುಲಿಗೆರೆ ಪಟ್ಟಣಕ್ಕೆ ಒಂದು ಆಚಾರವ್ಯವಸ್ಥೆಯನ್ನು ಕಲ್ಲಿನಲ್ಲಿ ಕೊರೆಸಿಕೊಟ್ಟ. ಪುಲಿಗೆರೆ ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ನಮ್ಮ ಹಾವೇರಿ ಜಿಲ್ಲೆಯ ಗಡಿಗೆ ಹತ್ತಿದ ಊರು. ವ್ಯವಸ್ಥೆಯನ್ನು ಪಡೆದವರು ಅಲ್ಲಿನ ಮಹಾಜನರು, ವರ್ತಕರ ನಗರಸಭೆ ಮತ್ತು ಹದಿನೆಂಟು ಪ್ರಕೃತಿಗಳು, ಅಂದರೆ ಊರಿನ ಬೇರೆಬೇರೆ ಕಸುಬಿನ ಜನವರ್ಗಗಳು. ಅರಸನ ಅಧಿಕಾರಿಗಳು ಏನನ್ನು ಕಾಯಬೇಕು, ಮನೆಗಳು ಏನು ತೆರಬೇಕು, ವಸೂಲಾದ ದಂಡ ಯಾರ ಕೈ ಸೇರಬೇಕು ಎಂಬುದು ಅದರ ತಿರುಳು. ಹಿಂದಿನ ಅರಸರು ಕೊಟ್ಟ ದತ್ತಿಗಳನ್ನೂ ತಾಮ್ರಶಾಸನಗಳನ್ನೂ, ಜನ ಮೊದಲಿನಿಂದ ಅನುಭವಿಸಿಕೊಂಡು ಬಂದ ಆಸ್ತಿಯನ್ನೂ, ನಡೆದುಬಂದ ಕಟ್ಟಳೆಯನ್ನೂ ಅರಸನ ಆಳುಗಳು ಕಾಪಾಡಬೇಕೆಂದು ಅದು ವಿಧಿಸುತ್ತದೆ. ಅರಸ ಅಂದದ್ದೇ ಕಾನೂನಾಗಿದ್ದರೆ, ತನ್ನದೇ ಅಧಿಕಾರಿಗಳ ಕೈ ಕಟ್ಟುವ ಮಾತನ್ನು ಯುವರಾಜ ಕಲ್ಲಿಗೆ ಇಳಿಸಿ ಜನರ ವಶಕ್ಕೆ ಕೊಡುತ್ತಿರಲಿಲ್ಲ.

ಅದೇ ಹೊತ್ತಿಗೆ ಬ್ರಿಟಿಷರ ಮನೆಯಲ್ಲಿ ಏನು ನಡೆದಿತ್ತು ಎಂಬುದನ್ನೂ ನೋಡಬೇಕು. ಇಂಗ್ಲೆಂಡ್ ಎಂಬ ಒಂದೇ ರಾಜ್ಯ ಆಗ ಇರಲಿಲ್ಲ, ಆಂಗ್ಲೋ-ಸ್ಯಾಕ್ಸನ್ ಜನರ ಹಲವು ಸಣ್ಣ ರಾಜ್ಯಗಳಿದ್ದವು. ಕೆಂಟ್ ರಾಜ್ಯದ ಅರಸ ಎಥೆಲ್‌ಬರ್ಟ್ ಸುಮಾರು 600ರಲ್ಲಿ ಬರೆಸಿದ್ದು ಅವರ ಮೊದಲ ಕಟ್ಟಳೆ. ವೆಸೆಕ್ಸ್ ರಾಜ್ಯದ ಇನೆ ಪಟ್ಟಕ್ಕೆ ಬಂದದ್ದು 688ರಲ್ಲಿ. ತಂದೆಯ, ಬಿಷಪ್ಪರ ಮತ್ತು ರಾಜ್ಯದ ಹಿರಿಯರ ಸಲಹೆ ಪಡೆದು ಕಟ್ಟಳೆ ಮಾಡಿದ್ದಾಗಿ ಅವನು ಮೊದಲಲ್ಲೇ ಹೇಳಿಕೊಂಡಿದ್ದಾನೆ. ಅವನು ಪಟ್ಟ ಬಿಟ್ಟು ರೋಮಿಗೆ ಹೊರಟದ್ದು 726ರಲ್ಲಿ. ಅಂದರೆ ಇನೆ ಮತ್ತು ನಮ್ಮ ವಿಜಯಾದಿತ್ಯ ಒಂದೇ ಕಾಲದ ಅರಸರು. ಎಥೆಲ್‌ಬರ್ಟನ ಕಟ್ಟಳೆಯ ಮೂಲಪ್ರತಿ ಇಂದು ಇಲ್ಲ. 1120ರ ದಶಕದಲ್ಲಿ ರೋಚೆಸ್ಟರ್ ಚರ್ಚಿನಲ್ಲಿ ನಕಲು ಮಾಡಿದ ಒಂದೇ ಒಂದು ಹಸ್ತಪ್ರತಿಯಲ್ಲಿ ಅದು ಉಳಿದಿದೆ. ಐನೂರು ವರ್ಷ ಆದ ಮೇಲಿನ ಆ ನಕಲನ್ನು ಇಂಗ್ಲಿಷರು ತಮ್ಮ ಕಾನೂನಿನ ಬೇರು ಎಂದು ಜತನ ಮಾಡಿ ಕಲಿಸುತ್ತಾರೆ. ನಮ್ಮದು ನಕಲಲ್ಲ, ಕೊರೆದ ಕಲ್ಲೇ ಇದೆ. ಎಲ್. ಡಿ. ಬಾರ್ನೆಟ್ ಅದನ್ನು ಓದಿ ಎಪಿಗ್ರಾಫಿಯಾ ಇಂಡಿಕಾದ ಹದಿನಾಲ್ಕನೆಯ ಸಂಪುಟದಲ್ಲಿ ಅಚ್ಚು ಮಾಡಿಸಿ ನೂರು ವರ್ಷವಾಯಿತು. ಆದರೂ ನಮ್ಮ ವಕೀಲರಿಗೆ ಅದರ ಹೆಸರೂ ಗೊತ್ತಿಲ್ಲ ಎಂಬುದು ನನ್ನ ನೋವು.

ಇನ್ನೂ ಒಂದು ಮಾತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಕೆಲವೇ ವರ್ಷಗಳಲ್ಲಿ ಪೆನೆಂಡನ್ ಹೀತ್ ಎಂಬ ಬಯಲಿನಲ್ಲಿ ದೊಡ್ಡದೊಂದು ಭೂವ್ಯಾಜ್ಯದ ವಿಚಾರಣೆ ನಡೆಯಿತು. ನೆಲದ ಹಳೆಯ ಕಾನೂನು ಏನಿತ್ತೆಂದು ತಿಳಿಹೇಳಲು ಎಥೆಲ್ರಿಕ್ ಎಂಬ ಮುಪ್ಪಿನ ಬಿಷಪ್ಪನನ್ನು ಬಂಡಿಯಲ್ಲಿ ಕೂರಿಸಿ ಕರೆತಂದರು. ಗೆದ್ದವರೇ ಸೋತವರ ಕಾನೂನನ್ನು ಕೇಳಿ ತಿಳಿಯಬೇಕಾಯಿತು. ನಮ್ಮಲ್ಲಿಯೂ ಬ್ರಿಟಿಷರು ಪೇಶವೆಗಳ ಸೀಮೆಯನ್ನು ಹಿಡಿದ ಮೇಲೆ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್ನನ ಕಾಲದಲ್ಲಿ ಆದದ್ದು ಇದೇ. ದಖನ್ನಿನ ಜಾತಿಗಳ ರೂಢಿ, ಕಟ್ಟಳೆಗಳನ್ನು ಕೇಳಿ ಬರೆದು ಆರ್ಥರ್ ಸ್ಟೀಲ್ ಎಂಬ ಅಧಿಕಾರಿ 1827ರಲ್ಲಿ ಪುಸ್ತಕ ತಂದ. ಸರಕಾರದ ಕಾಯ್ದೆ ಇಲ್ಲದ ಕಡೆ ದೇಶದ ರೂಢಿಯನ್ನು ಅನುಸರಿಸಬೇಕೆಂದು ಅದೇ ವರ್ಷದ ಮುಂಬಯಿ ರೆಗ್ಯುಲೇಶನ್ ಹೇಳಿತು. ನಮ್ಮ ಧಾರವಾಡ ಸೀಮೆ ಆ ಮುಂಬಯಿ ಆಡಳಿತದ್ದೇ. ಏನೂ ಇಲ್ಲದ ನೆಲಕ್ಕೆ ಬಂದವರು ಇಷ್ಟೆಲ್ಲ ವಿಚಾರಿಸುವ ಕಷ್ಟ ತೆಗೆದುಕೊಳ್ಳುವುದಿಲ್ಲ.

ಎರಡನೆಯ ಆಕ್ಷೇಪ ಇನ್ನಷ್ಟು ಚೂಪು. "ಅದು ತೆರಿಗೆಯ ಪಟ್ಟಿ. ಉಳಿದ ಶಾಸನಗಳೋ ಬರೀ ದಾನಪತ್ರ. ಅವನ್ನೆಲ್ಲ ಕಾನೂನು ಅನ್ನೋದು ಅಭಿಮಾನದ ಮಾತು."

ತೆರಿಗೆ ಅದರಲ್ಲಿ ಇದೆ, ನಿಜ. ಮೇಲ್ಮಟ್ಟದ ಮನೆಗೆ ಹತ್ತು ಪಣ, ಅದಕ್ಕಿಂತ ಕೆಳಗಿನದಕ್ಕೆ ಏಳು, ಮತ್ತೂ ಕೆಳಗಿನದಕ್ಕೆ ಐದು, ತೀರ ಕೆಳಗಿನ ಮನೆಗೆ ಮೂರು. ಉಳ್ಳವನು ಹೆಚ್ಚು, ಇಲ್ಲದವನು ಕಡಿಮೆ ತೆರಬೇಕೆಂಬ ನಿಯಮವನ್ನು ಮೊದಲೇ ಸಾರಿ, ಆ ಅಂಕಿಯ ಮೇಲೆ ಅಧಿಕಾರಿ ಕೈ ಹಾಕದಂತೆ ಮಾಡುವುದು ಕಾನೂನಿನ ಕೆಲಸವೇ. ಆದರೆ ಅಷ್ಟಕ್ಕೇ ಅದು ಮುಗಿಯುವುದಿಲ್ಲ. ಕಳವಿನ ದಂಡ, ಸಣ್ಣಪುಟ್ಟ ತಪ್ಪಿನ ದಂಡ, ಹತ್ತು ಬಗೆಯ ಅಪರಾಧಗಳ ದಂಡ, ಮಕ್ಕಳಿಲ್ಲದೆ ಸತ್ತವರ ಸೊತ್ತು, ಇವೆಲ್ಲ ಕಾರ್ತಿಕ ಮಾಸದಲ್ಲಿ ಅಲ್ಲಿನ ಶ್ರೇಣಿಗೆ ಸಲ್ಲಬೇಕೆಂದಿದೆ. ಶ್ರೇಣಿ ಅಂದರೆ ಕಸುಬಿನವರ ಸಂಘ. ಮಕ್ಕಳಿಲ್ಲದವನ ಆಸ್ತಿಯನ್ನು ಬೊಕ್ಕಸಕ್ಕೆ ಎಳೆದುಕೊಳ್ಳುವುದು ಅರಸರಿಗೆ ಎಲ್ಲ ಕಾಲಕ್ಕೂ ಆಸೆಯ ಸಂಗತಿ. ಆ ಆಸೆಗೆ ಇಲ್ಲಿ ಬೇಲಿ ಬಿದ್ದಿದೆ. ಅಪರಾಧದ ದಂಡವನ್ನು ಊರಿನ ಸಂಘವೇ ಇಟ್ಟುಕೊಳ್ಳುವ ಅಧಿಕಾರ ಇಂದಿನ ನಮ್ಮ ಗ್ರಾಮ ಪಂಚಾಯಿತಿಗೂ ಇಲ್ಲ.

ಇನ್ನು, ಪಾವತಿಗಳ ಪಟ್ಟಿ ಕಾನೂನಲ್ಲ ಎನ್ನುವುದಾದರೆ ಎಥೆಲ್‌ಬರ್ಟನ ಕಟ್ಟಳೆಯನ್ನೂ ಕೈಬಿಡಬೇಕಾಗುತ್ತದೆ. ಅದು ಮೊದಲಿನಿಂದ ಕೊನೆಯವರೆಗೆ ಪಾವತಿಗಳ ಪಟ್ಟಿ. ಹೆಬ್ಬೆರಳು ಕಡಿದರೆ ಇಪ್ಪತ್ತು ಶಿಲ್ಲಿಂಗ್, ಹೆಬ್ಬೆರಳ ಉಗುರು ಹೋದರೆ ಮೂರು, ಕಿವಿ ಕತ್ತರಿಸಿದರೆ ಹನ್ನೆರಡು, ಸ್ವತಂತ್ರ ಮನುಷ್ಯನನ್ನು ಕೊಂದರೆ ನೂರು. ಕೊಲೆಗೆ ಕೊಲೆ ಎಂದು ಎರಡು ಮನೆತನಗಳು ತಲೆಮಾರುಗಟ್ಟಲೆ ಕಡಿದಾಡಿ ಮುಗಿಯದಿರಲಿ ಎಂಬ ವಿವೇಕ ಆ ಅಂಕಿಗಳ ಹಿಂದಿದೆ. ನಮ್ಮಲ್ಲಿಯೂ ಅಂಥದೇ ವಿವೇಕ ಕಲ್ಲಿನಲ್ಲಿ ಸಿಗುತ್ತದೆ. 12ನೆಯ ಶತಮಾನದ ಕೊನೆಯ ತೊರಗಲ್ಲಿನ ಶಾಸನ ಬೈಗುಳಕ್ಕೆ ಒಂದು ದಂಡ, ಹೊಡೆತಕ್ಕೆ ಅದಕ್ಕಿಂತ ಹೆಚ್ಚು, ಕಠಾರಿ ಹಿರಿದರೆ ಮತ್ತೂ ಹೆಚ್ಚು, ತಿವಿದರೆ ಇನ್ನೂ ಹೆಚ್ಚು ಎಂದು ಮೆಟ್ಟಿಲು ಕಟ್ಟಿದೆ. ಕಠಾರಿ ಹಿರಿದದ್ದಕ್ಕೂ ತಿವಿದದ್ದಕ್ಕೂ ನಡುವೆ ಗೆರೆ ಎಳೆದ ಆ ಬುದ್ಧಿಯನ್ನು ಅಪರಾಧ ಕಾನೂನಿನ ಯಾವ ವಿದ್ಯಾರ್ಥಿಯೂ ಗುರುತಿಸಬಲ್ಲ.

ಹಾವೇರಿ ಜಿಲ್ಲೆಯ ಊರೂರಲ್ಲಿ ನಿಂತ ವೀರಗಲ್ಲುಗಳನ್ನೂ ನಾನು ಈ ಲೆಕ್ಕಕ್ಕೆ ಸೇರಿಸುತ್ತೇನೆ. ತುರು ಹಿಡಿಯಲು ಬಂದವರೊಡನೆ ಕಾದಿ ಸತ್ತವನ ಕಲ್ಲನ್ನು ನಾವು ಪೂಜೆ ಮಾಡಿ ಸುಮ್ಮನಾಗುತ್ತೇವೆ. ಆದರೆ ಅಂಥ ಎಷ್ಟೋ ಕಲ್ಲುಗಳಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ನೆಲದ ವಿವರ ಇದೆ. ಕಲ್ನಾಡು ಎಂತಲೋ ನೆತ್ತರುಗೊಡಗೆ ಎಂತಲೋ ಅದಕ್ಕೆ ಹೆಸರು. ಊರ ದನಕ್ಕಾಗಿ ಸತ್ತವನ ಹೆಂಡತಿ ಮಕ್ಕಳ ಹೊಟ್ಟೆಗೆ ಊರು ಹೊಣೆ ಎಂಬ ಕರಾರು ಅದು. ದನಗಳ್ಳರ ಹೆಜ್ಜೆ ಹಿಡಿದು ಬೆನ್ನಟ್ಟುವುದು ಸುತ್ತಲಿನ ಎಲ್ಲರ ಕರ್ತವ್ಯ ಎಂದು 10ನೆಯ ಶತಮಾನದ ಇಂಗ್ಲಿಷ್ ಕಟ್ಟಳೆ ವಿಧಿಸಿತು, ನಾಲ್ಕು ವಾರಕ್ಕೊಮ್ಮೆ ನಾಡಸಭೆ ಕೂಡಬೇಕೆಂದಿತು. ಅದು ಕಾನೂನು, ನಮ್ಮದು ಭಕ್ತಿ ಎಂದು ಪಂಕ್ತಿಭೇದ ಮಾಡುವುದಕ್ಕೆ ಕಾರಣ ನನಗೆ ಹೊಳೆಯುತ್ತಿಲ್ಲ.

"ಇದ್ದರೂ ಅದೆಲ್ಲ ಸಂಸ್ಕೃತದ ಧರ್ಮಶಾಸ್ತ್ರ, ಕನ್ನಡದವರ ಕೈಯಲ್ಲಿ ಏನಿತ್ತು?" ಇದು ಮೂರನೆಯ ಮಾತು. ತಾಮ್ರಪಟಗಳನ್ನು ಬಿಡಿಸಿ ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಅರಸನ ವಂಶಾವಳಿ, ಹೊಗಳಿಕೆ ಸಂಸ್ಕೃತದಲ್ಲಿರುತ್ತದೆ. ಕೊಟ್ಟ ಹೊಲ ಯಾವುದು, ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಮರ, ಯಾವ ಹುತ್ತದಿಂದ ಯಾವ ಗುಂಡಿಗೆ ಗೆರೆ ಹೋಗುತ್ತದೆ ಎಂಬುದು ಬಂದಾಗ ಬರಹ ಕನ್ನಡಕ್ಕೆ ತಿರುಗುತ್ತದೆ. ಜಗಳ ಹುಟ್ಟುವುದು ಆ ಗೆರೆಯ ಮೇಲೆ, ಸಾಕ್ಷಿ ಹೇಳಬೇಕಾದವನು ಅಕ್ಕಪಕ್ಕದ ಒಕ್ಕಲಿಗ. ಅವನಿಗೆ ತಿಳಿಯುವ ಮಾತಿನಲ್ಲಿ ಇಲ್ಲದಿದ್ದರೆ ಪಟ ನಿಲ್ಲುವುದಿಲ್ಲ. ಆಂಗ್ಲೋ-ಸ್ಯಾಕ್ಸನ್ ಭೂದಾನಪತ್ರಗಳೂ ಹಾಗೆಯೇ: ಮೈಯೆಲ್ಲ ಲ್ಯಾಟಿನ್, ಎಲ್ಲೆ ಹೇಳುವ ಭಾಗ ಮಾತ್ರ ಅಲ್ಲಿನ ಜನರ ನುಡಿ. ಒಬ್ಬರನ್ನೊಬ್ಬರು ಕಂಡರಿಯದ ಎರಡು ಸಮಾಜಗಳು ಒಂದೇ ಕಾಲದಲ್ಲಿ ಒಂದೇ ಉಪಾಯಕ್ಕೆ ಬಂದವು ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಲಕ್ಷ್ಮೇಶ್ವರದ ವ್ಯವಸ್ಥೆಯಂತೂ ಕನ್ನಡದಲ್ಲೇ ಇದೆ.

ಕನ್ನಡದವರ ಕೈಯಲ್ಲಿ ವ್ಯಾಜ್ಯ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ನಮ್ಮ ಜಿಲ್ಲೆಯದೇ ಒಂದು ಸಾಕ್ಷಿ ಇದೆ. ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಒಂದು ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ತಲೆ ಕಡಿದು ಮತ್ತೆ ಪಡೆಯುತ್ತೇನೆ ಎಂದು ರಾಮಯ್ಯ ಜೈನರೊಂದಿಗೆ ಪಂಥ ಕಟ್ಟಿದ. ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಈ ಕಥೆ ಗೆದ್ದ ಪಕ್ಷದವರು ಬರೆಸಿದ್ದು, ಬಸದಿ ಕಳೆದುಕೊಂಡ ಜೈನರ ನೋವು ಅದರಲ್ಲಿ ದಾಖಲಾಗಿಲ್ಲ ಎಂಬುದನ್ನು ಮರೆಯಬಾರದು. ನಾನು ತೋರಿಸುವುದು ಅದರ ನಡುವೆ ಬರುವ ನಡಾವಳಿಯನ್ನು. ಪಂಥದ ಕರಾರನ್ನು ರಾಮಯ್ಯ ಓಲೆಯಲ್ಲಿ ಬರೆಸಿಕೊಂಡ. ಮುಂದೆ ರಾಮಯ್ಯ ಜಿನಬಿಂಬ ಮುರಿದಾಗ ಜೈನರು ಅರಸ ಬಿಜ್ಜಳನಲ್ಲಿಗೆ ದೂರು ಒಯ್ದರು. ಬಿಜ್ಜಳ ರಾಮಯ್ಯನನ್ನು ಕರೆಸಿ ಕೇಳಿದ. ರಾಮಯ್ಯ ಓಲೆಯನ್ನು ಮುಂದಿಟ್ಟ. ಕೊನೆಗೆ ಸಭೆಯಲ್ಲಿ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ. ಬರೆದ ಕರಾರು, ದೂರು, ಎದುರು ಪಕ್ಷದವನ ವಿಚಾರಣೆ, ದಾಖಲೆ ಹಾಜರು ಮಾಡುವುದು, ತೀರ್ಪಿನ ಪ್ರತಿ. ರಾಣೆಬೆನ್ನೂರಿನ ಕೋರ್ಟಿನಲ್ಲಿ ನನ್ನ ಮಿತ್ರರು ದಿನಬೆಳಗಾದರೆ ಮಾಡುವುದೂ ಇದನ್ನೇ. ಭಕ್ತಿಯ ಕಥೆ ಕೆತ್ತಿಸುವವನಿಗೂ ಓಲೆ, ಜಯಪತ್ರ ಇಲ್ಲದೆ ಕಥೆ ಗಟ್ಟಿಯಾಗದು ಎನಿಸಿತ್ತು ಎಂದರೆ ಜನರ ಮನಸ್ಸಿನಲ್ಲಿ ಈ ನಡಾವಳಿ ಎಷ್ಟು ಆಳಕ್ಕೆ ಇಳಿದಿರಬೇಕು!

ನಾಲ್ಕನೆಯದು ದಿವ್ಯದ ಪ್ರಶ್ನೆ. "ಕಾದ ಕಬ್ಬಿಣ ಹಿಡಿಸಿ ಸತ್ಯ ತೆಗೆದವರನ್ನು ನ್ಯಾಯಾಧೀಶರು ಅನ್ನಬೇಕೇನು?" ಅನ್ನಬೇಕು, ಹಾಗೆಂದು ದಿವ್ಯವನ್ನು ಸಮರ್ಥಿಸಬೇಕಾಗಿಲ್ಲ. ಅದು ಕ್ರೂರ, ನಿರಪರಾಧಿಯ ಕೈ ಸುಟ್ಟದ್ದು ಎಷ್ಟು ಸಲವೋ. ಆದರೆ ಅದನ್ನು ಯಾವಾಗ ಬಳಸಬೇಕೆಂದು ನಮ್ಮ ಶಾಸ್ತ್ರ ಹೇಳಿತ್ತು? ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರಾ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಯ ಮೇಲೆ. ಆ ಸ್ಮೃತಿ ಪ್ರಮಾಣವೆಂದು ಒಪ್ಪುವುದು ಬರಹ, ಭೋಗ, ಸಾಕ್ಷಿ ಈ ಮೂರನ್ನು. ಈ ಮೂರರಲ್ಲಿ ಒಂದೂ ಇಲ್ಲದಾಗ ಮಾತ್ರ ದಿವ್ಯ. ಅಗ್ನಿದಿವ್ಯದಲ್ಲಿ ಅಂಗೈ ಮೇಲೆ ಏಳು ಅರಳಿ ಎಲೆ ಕಟ್ಟಿ, ಕಾದ ಗುಂಡು ಹಿಡಿದು ಏಳು ಮಂಡಲ ದಾಟಬೇಕಿತ್ತು. ಇಂಗ್ಲೆಂಡಿನಲ್ಲಿ ಕಾದ ಕಬ್ಬಿಣ ಹೊತ್ತು ಒಂಬತ್ತು ಅಡಿ ನಡೆಯಬೇಕಿತ್ತು, ಕೈಗೆ ಬಟ್ಟೆ ಸುತ್ತಿ ಮೂರು ದಿನ ಬಿಟ್ಟು ಬಿಚ್ಚಿ ನೋಡುತ್ತಿದ್ದರು. ಪಾದ್ರಿಗಳು ಇದರಲ್ಲಿ ಕೈಹಾಕಬಾರದೆಂದು 1215ರಲ್ಲಿ ಪೋಪನ ಸಭೆ ತಡೆದ ಮೇಲೆ, 1219ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು ಬೇರೆ ದಾರಿ ಹುಡುಕಿಕೊಂಡರು. ಅವರ ಕಾನೂನಿನ ಇತಿಹಾಸದಿಂದ ಯಾರೂ ಆ ಅಧ್ಯಾಯವನ್ನು ಹರಿದು ಹಾಕಿಲ್ಲ. ದಾನ ಕೆಡಿಸಿದವನಿಗೆ ಕವಿಲೆಯನ್ನು ಕೊಂದ ಪಾಪ ತಗಲಲಿ ಎಂಬ ನಮ್ಮ ಶಾಪಗಳ ಮಾತೂ ಇಷ್ಟೇ. ಅವರ ದಾನಪತ್ರಗಳು ಯೇಸುವಿಗೆ ದ್ರೋಹ ಬಗೆದ ಯೂದನ ಜೊತೆ ನರಕಕ್ಕೆ ಹೋಗು ಎನ್ನುತ್ತವೆ. ಪೊಲೀಸು ಇಲ್ಲದ ಕಾಲದಲ್ಲಿ ಕರಾರಿಗೆ ಹಾಕಿದ ಬೀಗ ಅದು.

ಇಲ್ಲಿಯವರೆಗೆ ನನ್ನ ಮಾತು ಕೇಳಿ ತಲೆದೂಗಿದ ಊರ ಹಿರಿಯರ ಕಡೆ ಈಗ ತಿರುಗುತ್ತೇನೆ, ಯಾಕೆಂದರೆ ಅವರ ತಲೆದೂಗಾಟವೇ ನನ್ನನ್ನು ಹೆಚ್ಚು ಅಳುಕಿಸುತ್ತದೆ. "ಅದನ್ನೇ ನಾವೂ ಹೇಳೋದು. ಕೋರ್ಟು ಬಂದ ಮ್ಯಾಲೆ ನ್ಯಾಯ ಹಾಳಾತು. ಮೊದಲು ದೈವ ಕೂಡಿ ಕುಂತರ ಒಂದ ಮಾತಿನಾಗ ಬಗೀಹರೀತಿತ್ತು."

ಹಿರಿಯರೇ, ಆ ದೈವದಲ್ಲಿ, ಅಂದರೆ ಊರ ಸಭೆಯಲ್ಲಿ, ಯಾರು ಕೂರುತ್ತಿದ್ದರು? ಅಗ್ರಹಾರದ ಮಹಾಜನರಲ್ಲಿ ಬ್ರಾಹ್ಮಣರಲ್ಲದವರಿಗೆ ಜಾಗ ಇರಲಿಲ್ಲ. ಗಾವುಂಡರ ಸಭೆ ನೆಲ ಉಳ್ಳವರ ಸಭೆ. ನಗರಸಭೆ ವರ್ತಕರದ್ದು. ಊರ ಹೊರಗೆ ಇಟ್ಟವರ ಮಾತನ್ನು ಯಾವ ಕಲ್ಲೂ ದಾಖಲಿಸಿಲ್ಲ. ಅವರ ಮೇಲೆ ಬಿದ್ದ ತೀರ್ಪು ಅವರನ್ನು ಕೇಳದೆ ಬಿದ್ದದ್ದು. ಲಕ್ಷ್ಮೇಶ್ವರದ ಕಂಬ ಹದಿನೆಂಟು ಪ್ರಕೃತಿಗಳನ್ನು ಹೆಸರಿಸಿದೆ ಎಂದು ನಾನು ಹೇಳಿದೆ, ಅದರ ಆಚೆ ಉಳಿದವರು ಯಾರು ಎಂಬುದನ್ನೂ ನಾನೇ ಕೇಳಬೇಕು. ಇಂಗ್ಲಿಷರಲ್ಲೂ ಸಮತೆ ಇರಲಿಲ್ಲ. ವೆಸೆಕ್ಸಿನಲ್ಲಿ ಸಾಧಾರಣ ರೈತನ ಜೀವಕ್ಕೆ 200 ಶಿಲ್ಲಿಂಗ್, ಮೇಲಿನ ಕುಲದವನಿಗೆ 1200, ಗುಲಾಮನ ಜೀವಕ್ಕೆ ಅಂಥ ಬೆಲೆಯೇ ಇಲ್ಲ. ಅವರು ಇದನ್ನು ಮುಚ್ಚಿಡದೆ ಕಲಿಸುತ್ತಾರೆ. ನಾವೂ ಹಾಗೆಯೇ ಕಲಿಸಬೇಕು. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೆಯ ವಿಧಿ ಯಾವ ಸಾವಿರ ವರ್ಷದ ಕಟ್ಟಳೆಯನ್ನು ಮುರಿಯಿತು ಎಂಬುದು ತಿಳಿಯಬೇಕಾದರೆ ಆ ಕಟ್ಟಳೆಯನ್ನು ಮೊದಲು ಓದಬೇಕು. ಕಲ್ಲನ್ನು ಓದಿಸಿ ಎಂದರೆ ಕಟ್ಟೆಯ ಪಂಚರನ್ನು ಮತ್ತೆ ಕೂರಿಸಿ ಎಂದಲ್ಲ. ಜಾತಿ ಮೀರಿ ಮದುವೆಯಾದವರಿಗೆ ದಂಡ ಹಾಕಿ, ಊರಿನಿಂದ ಹೊರಗಿಡುವ ಪಂಚಾಯಿತಿಗಳು ನನ್ನ ವಾದವನ್ನು ಬಳಸಿಕೊಳ್ಳುವುದಾದರೆ ನಾನು ಅವರ ಎದುರು ನಿಲ್ಲುತ್ತೇನೆ.

ಹೆಣ್ಣಿನ ವಿಷಯದಲ್ಲಿ ಮಾತ್ರ ಹಿರಿಯರಿಗೆ ಒಂದು ಹಳೆಯ ಕಲ್ಲನ್ನೇ ತೋರಿಸುತ್ತೇನೆ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಅದು ಇದೆ, 10ನೆಯ ಶತಮಾನದ ಆರಂಭದ್ದು. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಸತ್ತರಸ ನಾಗಾರ್ಜುನ ಸತ್ತಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಅಧಿಕಾರವನ್ನು ಕೊಟ್ಟರು, ಅವಳು ನಾಡನ್ನು ಸಮರ್ಥವಾಗಿ ನಡೆಸಿದಳು. ಕಟ್ಟೆಯ ಮೇಲೆ ಹೆಂಗಸರಿಗೆ ಜಾಗ ಇಲ್ಲ, ಅದು ಮೊದಲಿನಿಂದ ಬಂದ ಪದ್ಧತಿ ಎನ್ನುವವರು ಮೊದಲು ಎಂದರೆ ಎಲ್ಲಿಂದ ಎಂದು ಹೇಳಬೇಕು.

ಕೊನೆಯ ಆಕ್ಷೇಪ ಎರಡೂ ಕಡೆಯವರದು: "ಇದರಿಂದ ಇವತ್ತು ಉಪಯೋಗ ಏನು?"

ರಾಣೆಬೆನ್ನೂರಿನ ಕೋರ್ಟಿನಲ್ಲಿ ಹೂಡುವ ವಾಟ್ನಿ ದಾವೆಗಳನ್ನು ನೋಡಿ. ಹಿಂದೂ ಅವಿಭಕ್ತ ಕುಟುಂಬ, ಹುಟ್ಟಿನಿಂದ ಬರುವ ಹಕ್ಕು, ಅಪ್ಪ ಬದುಕಿರುವಾಗಲೇ ಮಗ ಪಾಲು ಕೇಳುವುದು, ಇದೆಲ್ಲ ಮಿತಾಕ್ಷರಾದ ಕೊಡುಗೆ. ಕಲ್ಯಾಣದ ಆ ಪಂಡಿತನ ಕೃತಿಯ ಹೆಸರು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಿತಾಕ್ಷರಾ ಅವಿಭಕ್ತ ಆಸ್ತಿ ಎಂಬ ರೂಪದಲ್ಲಿ ಕೂತಿದೆ. ಬೇರೆಯವನು ಕಣ್ಣೆದುರೇ ಇಪ್ಪತ್ತು ವರ್ಷ ಹೊಲ ಉಂಡರೂ ಒಡೆಯ ಸುಮ್ಮನಿದ್ದರೆ ಅವನಿಗೆ ನಷ್ಟ ಎಂದು ಯಾಜ್ಞವಲ್ಕ್ಯ ಹೇಳಿದ್ದಕ್ಕೆ, ನಷ್ಟವಾಗುವುದು ಫಸಲು, ಹೊಲವಲ್ಲ ಎಂದು ವಿಜ್ಞಾನೇಶ್ವರ ಅರ್ಥ ಮಾಡಿದ. ಹನ್ನೆರಡು ವರ್ಷದ ಸ್ವಾಧೀನದ ಮೇಲೆ ಹೊಲವನ್ನೇ ಕಳೆದುಕೊಳ್ಳುವ ಇಂದಿನ ನಮ್ಮ ರೈತ ಆ ವಾದವನ್ನು ಕೇಳಿದರೆ ತನ್ನ ಪರ ಒಬ್ಬ ವಕೀಲ ಒಂಬೈನೂರು ವರ್ಷದ ಹಿಂದೆಯೇ ಇದ್ದ ಎಂದುಕೊಂಡಾನು. ಅದೇ ಮಿತಾಕ್ಷರಾ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕೊಡಲಿಲ್ಲ. ಆ ತಪ್ಪನ್ನು ತಿದ್ದುವುದರಲ್ಲಿಯೂ ಕರ್ನಾಟಕ ದೇಶಕ್ಕಿಂತ ಮುಂದಿತ್ತು: ನಮ್ಮ ರಾಜ್ಯದ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ಕೇಂದ್ರದ್ದು 2005ರಲ್ಲಿ. 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ, 2005ರಲ್ಲಿ ತಂದೆ ಬದುಕಿರಲಿ ಬಿಡಲಿ ಮಗಳ ಹಕ್ಕು ಹುಟ್ಟಿನಿಂದಲೇ ಎಂದು ಹೇಳಿತು. ತಂಗಿಯ ಸಹಿ ಹಾಕಿಸಿಕೊಂಡು ಹಕ್ಕು ಬಿಡಿಸುವ ಅಣ್ಣಂದಿರು ಇಂದಿಗೂ ಊರೂರಲ್ಲಿ ಇದ್ದಾರೆ. ಆ ತಂಗಿಯ ಪರ ನಿಲ್ಲುವ ವಕೀಲನಿಗೆ ಈ ಹಕ್ಕು ಎಲ್ಲಿ ಕಟ್ಟಿಬಿದ್ದಿತ್ತು, ಯಾರು ಬಿಡಿಸಿದರು ಎಂಬುದು ಗೊತ್ತಿರಬೇಕು.

ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪಠ್ಯ ರೂಪಿಸುವವರಲ್ಲಿ ನನ್ನ ಬೇಡಿಕೆ ಸಣ್ಣದು. ಲಕ್ಷ್ಮೇಶ್ವರದ ಆಚಾರವ್ಯವಸ್ಥೆ, ತೊರಗಲ್ಲಿನ ದಂಡಗಳು, ಅಬ್ಬಲೂರಿನ ಓಲೆ, ಬಂದಳಿಕೆಯ ಜಕ್ಕಿಯಬ್ಬೆ, ಮಿತಾಕ್ಷರಾದ ವ್ಯವಹಾರ ಭಾಗ ಇವನ್ನು ಕನ್ನಡದಲ್ಲಿ ಅರ್ಥಸಹಿತ ಮೊದಲ ವರ್ಷದ ಪಠ್ಯಕ್ಕೆ ಸೇರಿಸಲಿ. ಮೂಲಗಳೆಲ್ಲ ಅಚ್ಚಾಗಿವೆ. ಬೇಕಾದರೆ ಎಥೆಲ್‌ಬರ್ಟ್ ಮತ್ತು ಇನೆಯ ಕಟ್ಟಳೆಗಳನ್ನೂ ಪಕ್ಕದಲ್ಲಿಟ್ಟು ಓದಿಸಲಿ. ಆ ತರಗತಿಗೆ ನಮ್ಮ ಕುಪ್ಪೇಲೂರಿನ ಕಡೆಯ ಒಬ್ಬ ಹುಡುಗಿ ಬಂದು ಕೂತರೆ, ಲಕ್ಷ್ಮೇಶ್ವರಕ್ಕೆ ಬಸ್ ಹತ್ತಿ ಹೋಗಿ ಆ ಅಕ್ಷರಗಳನ್ನು ತಾನೇ ಓದಲು ಯತ್ನಿಸಬಹುದು.